ಗಣಕಯಂತ್ರದ ಹೊಸ ಆವೃತ್ತಿಯನ್ನು ಅಂಗೀಕರಿಸುವ ವಿಚಾರ

ಶಿರ್ವ, ಬಂಟಕಲ್ಲು, ಶಂಕರಪುರ, ಬೆಳ್ಮಣ್ಣು ಮೊದಲಾದ ಗ್ರಾಮಗಳಲ್ಲಿ ಕೃಷಿಕರ ವ್ಯವಹಾರವು ಇಂದು ಬಹುಮಟ್ಟಿಗೆ ಗಣಕಯಂತ್ರದ ಮೂಲಕವೇ ನಡೆಯುತ್ತಲಿದೆ. ಪಂಚಾಯತಿನ ತೆರಿಗೆಯ ವಸೂಲಿ, ಸಹಕಾರಿ ಸಂಘದ ಬೆಳೆಸಾಲದ ಖಾತೆ, ಹಾಲಿನ ಡೈರಿಯ ದಿನವಹಿ, ಮಲ್ಲಿಗೆಯ ಅಟ್ಟೆ-ಚೆಂಡುಗಳ ಲೆಕ್ಕ, ತೋಟದ ಕೂಲಿಯ ಪಟ್ಟಿ ಇವೆಲ್ಲ ಒಂದು ಕಾಲದಲ್ಲಿ ಕೈಬರಹದ ಪುಸ್ತಕಗಳಲ್ಲಿದ್ದವು. ಈಗ ಆ ಯಂತ್ರದೊಳಗೆ ಸೇರಿಕೊಂಡಿವೆ. ಹೀಗಿರಲು, ಯಂತ್ರದ ಪರದೆಯ ಮೇಲೆ “ಹೊಸ ಆವೃತ್ತಿಯು ಸಿದ್ಧವಾಗಿದೆ, ಸ್ಥಾಪಿಸಿಕೊಳ್ಳಿರಿ” ಎಂಬರ್ಥದ ಸೂಚನೆಯು ಪದೇ ಪದೇ ಕಾಣಿಸಿಕೊಳ್ಳುತ್ತಿರುವುದು ಅನೇಕರಿಗೆ ಚಿಂತೆಯನ್ನುಂಟುಮಾಡಿದೆ. ಕೆಲವರು ಸರಕಾರದ ಆಜ್ಞೆಯೆಂದು ಭಾವಿಸಿ ಕೂಡಲೆ ಒಪ್ಪಿಬಿಡುತ್ತಾರೆ. ಮತ್ತೆ ಕೆಲವರು ಲೆಕ್ಕವೆಲ್ಲ ಅಳಿಸಿಹೋದೀತೆಂಬ ಭಯದಿಂದ ವರ್ಷಗಟ್ಟಲೆ ನಿರಾಕರಿಸುತ್ತಲೇ ಇರುತ್ತಾರೆ. ಇವೆರಡೂ ವಿಚಾರಪೂರ್ವಕವಾದ ನಿರ್ಣಯಗಳಲ್ಲ. ಈ ವಿಷಯದಲ್ಲಿ ಗ್ರಾಮದ ಮುಖಂಡರೂ ಜಮೀನುದಾರರೂ ತಿಳಿದಿರಬೇಕಾದ ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಹೊಸ ತಳಿಯ ಭತ್ತವು ಬಂದಾಗ ಅನುಭವಸ್ಥನಾದ ಒಕ್ಕಲಿಗನು ಏನು ಮಾಡುತ್ತಾನೆಂಬುದನ್ನು ಎಲ್ಲರೂ ಬಲ್ಲರು. ಅವನು ಅದನ್ನು ಒಂದೇ ಏಣಿಲಿನಲ್ಲಿ ಬೈಲು, ಮಜಲು, ಬೆಟ್ಟು ಎಂಬ ಭೇದವಿಲ್ಲದೆ ಎಲ್ಲ ಗದ್ದೆಗಳಿಗೂ ಬಿತ್ತುವುದಿಲ್ಲ. ಹೊಸದೆಂಬ ಒಂದೇ ಕಾರಣದಿಂದ ತಳ್ಳಿಹಾಕುವುದೂ ಇಲ್ಲ. ಒಂದು ಗದ್ದೆಯಲ್ಲಿ ಪರೀಕ್ಷಿಸಿ ನೋಡುತ್ತಾನೆ. ಹಳೆಯ ಬೀಜವನ್ನು ಮುಡಿ ಕಟ್ಟಿ ಅಟ್ಟದ ಮೇಲೆ ಇರಿಸಿಕೊಂಡಿರುತ್ತಾನೆ. ಗಣಕಯಂತ್ರದ ವಿಷಯದಲ್ಲಿಯೂ ಇದೇ ವಿವೇಕವು ಸಾಕು. ಇದಕ್ಕಿಂತ ಹೆಚ್ಚಿನ ಪಾಂಡಿತ್ಯವೇನೂ ಬೇಕಾಗಿಲ್ಲ.

ಕಾರ್ಯಾಚರಣಾ ವ್ಯವಸ್ಥೆ ಎಂದರೇನು?

ಗಣಕಯಂತ್ರದ ಲೋಹದ ಭಾಗಗಳು ತಾವಾಗಿಯೇ ಯಾವ ಕೆಲಸವನ್ನೂ ಮಾಡಲಾರವು. ಕೀಲಿಮಣೆಯಲ್ಲಿ ಒತ್ತಿದ ಅಕ್ಷರವನ್ನು ಪರದೆಗೆ ತರುವುದು, ಕಡತವನ್ನು ಡಿಸ್ಕಿನಲ್ಲಿ ಇರಿಸುವುದು, ಮುದ್ರಣಯಂತ್ರಕ್ಕೆ ಅಪ್ಪಣೆ ಕೊಡುವುದು ಮುಂತಾದ ಕೆಲಸಗಳನ್ನು ನಡೆಯಿಸುವ ಮೂಲ ಕಾರ್ಯಕ್ರಮವೊಂದು ಒಳಗಿರುತ್ತದೆ. ಇದಕ್ಕೆ ಕಾರ್ಯಾಚರಣಾ ವ್ಯವಸ್ಥೆಯೆಂದು ಹೆಸರು. ಲೆಕ್ಕ ಬರೆಯುವ ಟ್ಯಾಲಿಯಾಗಲಿ, ಕನ್ನಡ ಬರೆಯುವ ನುಡಿಯಾಗಲಿ ಇದನ್ನು ಆಶ್ರಯಿಸಿಕೊಂಡೇ ನಡೆಯತಕ್ಕವುಗಳು. ನಮ್ಮ ಗ್ರಾಮಗಳ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಅಮೇರಿಕದ ಮೈಕ್ರೋಸಾಫ್ಟ್ ಕಂಪೆನಿಯು ನಿರ್ಮಿಸಿದ ವಿಂಡೋಸ್ ಎಂಬ ವ್ಯವಸ್ಥೆ. ಇದರ ೧೦ನೆಯ ಆವೃತ್ತಿಯು ೨೦೧೫ನೆಯ ಇಸವಿ ಜುಲೈ ೨೯ರಂದೂ, ೧೧ನೆಯ ಆವೃತ್ತಿಯು ೨೦೨೧ನೆಯ ಇಸವಿ ಅಕ್ಟೋಬರ್ ೫ರಂದೂ ಹೊರಬಂದವು. ೧೦ನೆಯ ಆವೃತ್ತಿಗೆ ಕಂಪೆನಿಯು ಸಾಮಾನ್ಯವಾಗಿ ಕೊಡುತ್ತಿದ್ದ ಉಚಿತ ಪೋಷಣೆಯು ೨೦೨೫ನೆಯ ಇಸವಿ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಹೊಸದಕ್ಕೆ ಬನ್ನಿರೆಂಬ ಒತ್ತಾಯಕ್ಕೆ ಇದೇ ಮುಖ್ಯ ಕಾರಣ.

ಈ ಸೂಚನೆಯು ಸರಕಾರದ ಆಜ್ಞೆಯಲ್ಲ, ಕಂಪೆನಿಯದು. ಇದನ್ನು ಒಪ್ಪದಿದ್ದರೆ ಯಂತ್ರವು ನಿಂತುಹೋಗುವುದಿಲ್ಲ. ೧೦ನೆಯ ಆವೃತ್ತಿಯು ಮೊದಲಿನಂತೆಯೇ ಕೆಲಸ ಮಾಡುತ್ತದೆ. ಹಾಗೆಯೇ, ಜಮೀನಿನ ಪಹಣಿಪತ್ರವು ಅಳಿಸಿಹೋದೀತೆಂಬ ಭಯಕ್ಕೂ ಎಡೆಯಿಲ್ಲ. ಕರ್ನಾಟಕ ಸರಕಾರವು ೨೦೦೦ದ ಸುಮಾರಿಗೆ ‘ಭೂಮಿ’ ಯೋಜನೆಯ ಮೂಲಕ ಸುಮಾರು ೬೭ ಲಕ್ಷ ರೈತರಿಗೆ ಸಂಬಂಧಿಸಿದ ೨ ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿತು. ಅವು ಇರುವುದು ಸರಕಾರದ ಯಂತ್ರಗಳಲ್ಲಿ. ಮನೆಯ ಯಂತ್ರವು ಅವನ್ನು ತೋರಿಸುವ ಕಿಟಕಿ ಮಾತ್ರ. ಅಳಿಯುವ ಅಪಾಯವಿರುವುದು ನಮ್ಮ ಯಂತ್ರದಲ್ಲಿಯೇ ಇರುವ ಲೆಕ್ಕಕ್ಕೆ, ಪತ್ರವ್ಯವಹಾರಕ್ಕೆ, ಭಾವಚಿತ್ರಗಳಿಗೆ. ಆದುದರಿಂದ ಯಾವುದು ಎಲ್ಲಿದೆಯೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳತಕ್ಕದ್ದು.

ಎರಡು ಬಗೆಯ ಬದಲಾವಣೆಗಳು

ಪರದೆಯ ಮೇಲೆ ಬರುವ ಸೂಚನೆಗಳೆಲ್ಲ ಒಂದೇ ಬಗೆಯವಲ್ಲ. ಜನರು ಎಲ್ಲವನ್ನೂ ‘ಅಪ್‌ಡೇಟ್’ ಎಂದೇ ಕರೆಯುವುದರಿಂದ ಗೊಂದಲವುಂಟಾಗಿದೆ.

ಒಂದನೆಯದು ತಿಂಗಳ ದುರಸ್ತಿ. ಗದ್ದೆಯ ಹುಣಿಯಲ್ಲಿ ಏಡಿಯು ತೂತು ಕೊರೆದರೆ ನೀರು ಸೋರಿಹೋಗುತ್ತದೆ. ಒಕ್ಕಲಿಗನು ಕೂಡಲೆ ಕೆಸರು ಮೆತ್ತಿ ಅದನ್ನು ಮುಚ್ಚುತ್ತಾನೆ. ಇದಕ್ಕಾಗಿ ಯಾರೂ ಸಭೆ ಸೇರಿಸುವುದಿಲ್ಲ. ಕಾರ್ಯಾಚರಣಾ ವ್ಯವಸ್ಥೆಯಲ್ಲಿಯೂ ಕಳ್ಳರು ನುಗ್ಗಬಹುದಾದ ತೂತುಗಳು ಆಗಾಗ ಕಂಡುಬರುತ್ತವೆ. ಅವನ್ನು ಮುಚ್ಚುವ ತೇಪೆಗಳನ್ನು ಕಂಪೆನಿಯು ಪ್ರತಿ ತಿಂಗಳ ಎರಡನೆಯ ಮಂಗಳವಾರ ಹೊರಡಿಸುವ ಪದ್ಧತಿಯನ್ನು ೨೦೦೩ನೆಯ ಇಸವಿಯಿಂದ ಇರಿಸಿಕೊಂಡಿದೆ. ಇವನ್ನು ನಿಯಮವಾಗಿ ಸ್ವೀಕರಿಸತಕ್ಕದ್ದು. ಅನುಕೂಲವಿಲ್ಲದ ದಿನಗಳಲ್ಲಿ ಮುಂದೂಡುವುದಕ್ಕೆ ಅವಕಾಶವಿದೆ; ೧೦ನೆಯ ಆವೃತ್ತಿಯಲ್ಲಿ ಈ ಅವಧಿಯು ೩೫ ದಿನಗಳವರೆಗೆ.

ಎರಡನೆಯದು ಆವೃತ್ತಿಯ ಬದಲಾವಣೆ. ಇದು ತೂತು ಮುಚ್ಚುವ ಕೆಲಸವಲ್ಲ. ಹುಣಿಗಳನ್ನೆಲ್ಲ ಕಡಿದು ಗದ್ದೆಯನ್ನು ಹೊಸದಾಗಿ ಸಮಮಾಡಿದಂತೆ. ಲಾಭವಿದೆ, ಅಪಾಯವೂ ಇದೆ. ಇದನ್ನು ಯಂತ್ರದ ಒಡೆಯನು ತಾನು ನಿಶ್ಚಯಿಸಿದ ದಿನದಲ್ಲಿ, ತಕ್ಕ ಸಿದ್ಧತೆಯೊಡನೆ ಮಾಡಿಸಿಕೊಳ್ಳಬೇಕೇ ಹೊರತು ಪರದೆಯ ಸೂಚನೆಯು ಬಂದ ಕ್ಷಣದಲ್ಲಿ ಅಲ್ಲ.

ತಿಂಗಳ ದುರಸ್ತಿಯನ್ನು ಉಪೇಕ್ಷಿಸಿದುದರ ಫಲ

೨೦೧೭ನೆಯ ಇಸವಿ ಮೇ ೧೨ರಂದು ‘ವಾನಾಕ್ರೈ’ ಎಂಬ ದುಷ್ಟ ಕಾರ್ಯಕ್ರಮವು ಲೋಕದಲ್ಲಿ ಹರಡಿತು. ಇದು ಯಂತ್ರದೊಳಗೆ ಸೇರಿ ಅಲ್ಲಿಯ ಕಡತಗಳಿಗೆಲ್ಲ ಬೀಗ ಹಾಕಿ, ಬಿಡಿಸಬೇಕಾದರೆ ೩೦೦ ಡಾಲರು ಕೊಡಬೇಕೆಂದು ಕೇಳುತ್ತಿತ್ತು. ಸುಮಾರು ೧೫೦ ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿ ಯಂತ್ರಗಳು ಇದಕ್ಕೆ ತುತ್ತಾದವು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಗೊತ್ತುಮಾಡಿದ್ದ ಸುಮಾರು ೧೯,೦೦೦ ಭೇಟಿಗಳು ರದ್ದಾದುವೆಂದು ಅಂದಾಜಾಯಿತು. ನಮ್ಮ ದೇಶದಲ್ಲಿ ಆಂಧ್ರಪ್ರದೇಶದ ಪೋಲೀಸ್ ಇಲಾಖೆಯ ಕೆಲವು ಯಂತ್ರಗಳೂ ಕೆಟ್ಟವು.

ಇದರಲ್ಲಿ ವಿಶೇಷವಾಗಿ ಗಮನಿಸತಕ್ಕ ಅಂಶವೊಂದಿದೆ. ಆ ತೂತನ್ನು ಮುಚ್ಚುವ ತೇಪೆಯು ಅದೇ ವರ್ಷದ ಮಾರ್ಚ್ ೧೪ರಂದೇ, ಎಂದರೆ ಎರಡು ತಿಂಗಳಿಗೆ ಮುಂಚೆಯೇ, ಹೊರಬಂದಿತ್ತು. ಕೆಟ್ಟ ಯಂತ್ರಗಳಲ್ಲಿ ಬಹುಪಾಲು ವಿಂಡೋಸ್ ೭ರವು. ಆ ಆವೃತ್ತಿಗೆ ಆಗ ಕಂಪೆನಿಯ ಪೋಷಣೆಯಿನ್ನೂ ಇತ್ತು. ಅದು ಮುಗಿದುದು ೨೦೨೦ನೆಯ ಇಸವಿ ಜನವರಿಯಲ್ಲಿ. ಆದುದರಿಂದ ಕೆಡಲು ಕಾರಣವಾದುದು ಆವೃತ್ತಿಯ ಹಳಮೆಯಲ್ಲ, ದುರಸ್ತಿಯ ಅಲಕ್ಷ್ಯ. ಆದರೆ ಪೋಷಣೆ ಮುಗಿದ ಆವೃತ್ತಿಗೆ ಈ ದುರಸ್ತಿಯೇ ಬರುವುದಿಲ್ಲ. ಅಂಥ ಯಂತ್ರವು ಇಂದು ಚೆನ್ನಾಗಿ ನಡೆಯುತ್ತಿದ್ದರೂ ಅಂತರ್ಜಾಲಕ್ಕೆ ಸೇರಿದ್ದ ಪಕ್ಷದಲ್ಲಿ ದಿನದಿಂದ ದಿನಕ್ಕೆ ಅದರ ಅಪಾಯವು ಹೆಚ್ಚುತ್ತಲೇ ಹೋಗುತ್ತದೆ. ಆವೃತ್ತಿಯ ಬದಲಾವಣೆಯನ್ನು ಮುಂದೂಡಬಹುದು; ಅನಂತವಾಗಿ ಮುಂದೂಡಲಾಗದು.

ಆತುರಪಟ್ಟುದರ ಫಲ

ಇನ್ನೊಂದು ಪಕ್ಷವನ್ನೂ ನೋಡತಕ್ಕದ್ದು. ೧೦ನೆಯ ಆವೃತ್ತಿಯನ್ನು ಉಚಿತವಾಗಿ ಹಂಚುತ್ತಿದ್ದ ೨೦೧೬ರಲ್ಲಿ, ಸೂಚನೆಯ ಕಿಟಕಿಯ ಮೂಲೆಯಲ್ಲಿದ್ದ ಗುಣಾಕಾರದ ಗುರುತನ್ನು ಒತ್ತಿ ಮುಚ್ಚಿದರೆ, ಅದರಲ್ಲಿ ಕಾಣಿಸಿದ್ದ ತಾರೀಖಿಗೆ ಒಪ್ಪಿದಂತೆಯೇ ಎಣಿಕೆಯಾಗುತ್ತಿದ್ದ ಕಾಲವೊಂದಿತ್ತು. ಬೇಡವೆಂದು ಮುಚ್ಚಿದವರ ಯಂತ್ರಗಳೂ ಬದಲಾದವು. ಕೆಲಿಫೋರ್ನಿಯದ ವ್ಯಾಪಾರಸ್ಥೆಯೊಬ್ಬಳು, ತಾನೊಪ್ಪದ ಬದಲಾವಣೆಯಿಂದ ಯಂತ್ರವು ಕೆಟ್ಟು ವ್ಯಾಪಾರಕ್ಕೆ ನಷ್ಟವಾಯಿತೆಂದು ವ್ಯಾಜ್ಯ ಹೂಡಿ ೧೦,೦೦೦ ಡಾಲರುಗಳನ್ನು ಪಡೆದಳು. ಸೂಚನೆಯನ್ನು ಓದದೆ ಮುಚ್ಚುವುದು ಓದದೆ ರುಜು ಹಾಕಿದಂತೆಯೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

೨೦೧೮ನೆಯ ಇಸವಿ ಅಕ್ಟೋಬರ್ ೨ರಂದು ೧೦ನೆಯ ಆವೃತ್ತಿಗೆ ಹೊರಟ ಅರ್ಧವಾರ್ಷಿಕ ಬದಲಾವಣೆಯು ಕೆಲವು ಯಂತ್ರಗಳಲ್ಲಿ ಪತ್ರಗಳನ್ನೂ ಚಿತ್ರಗಳನ್ನೂ ಅಳಿಸಿಹಾಕಿತು. ಕಡತ ಹೋದುವೆಂಬ ದೂರುಗಳು ಸುಮಾರು ಹತ್ತು ಸಾವಿರಕ್ಕೆ ಒಂದರಷ್ಟೆಂದು ಕಂಪೆನಿಯು ತಿಳಿಸಿತು. ನಾಲ್ಕೇ ದಿನಗಳಲ್ಲಿ ಅದನ್ನು ತಡೆಹಿಡಿದು, ತಿದ್ದಿ ನವೆಂಬರ್ ತಿಂಗಳಲ್ಲಿ ಮತ್ತೆ ಬಿಡಲಾಯಿತು. ಹತ್ತು ಸಾವಿರಕ್ಕೊಂದು ಅಲ್ಪವೇ ಸರಿ. ಆದರೆ ಆ ಒಂದು ಯಂತ್ರವು ಸಂಘದ್ದಾಗಿದ್ದು, ಲೆಕ್ಕದ ಬೇರೆ ಪ್ರತಿ ಇಲ್ಲದಿದ್ದರೆ ಊರಿಗೆ ಅದು ಅಲ್ಪವಲ್ಲ. ೨೦೨೪ನೆಯ ಇಸವಿ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ಬೇರೊಂದು ಕಂಪೆನಿಯ ರಕ್ಷಣಾ ಕಾರ್ಯಕ್ರಮದ ದೋಷಯುಕ್ತ ಬದಲಾವಣೆಯಿಂದ ಸುಮಾರು ೮೫ ಲಕ್ಷ ವಿಂಡೋಸ್ ಯಂತ್ರಗಳು ಒಮ್ಮೆಲೇ ನಿಂತುಹೋದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಿಂದ ಬರೆದ ಚೀಟಿಗಳನ್ನು ಕೊಡಬೇಕಾಯಿತು. ಎಲ್ಲ ಯಂತ್ರಗಳನ್ನೂ ಒಂದೇ ಗಳಿಗೆಯಲ್ಲಿ ಬದಲಾಯಿಸುವುದು ಅವಿವೇಕವೆಂಬುದಕ್ಕೆ ಇದು ದೃಷ್ಟಾಂತ.

ಯಂತ್ರಗಳ ಮೂರು ವರ್ಗಗಳು

ಬೈಲಿಗೆ ಒಪ್ಪುವ ತಳಿಯು ಬೆಟ್ಟುಗದ್ದೆಗೆ ಒಪ್ಪುವುದಿಲ್ಲ. ಹಾಗೆಯೇ ಯಂತ್ರಗಳನ್ನು ಅವುಗಳ ಶಕ್ತಿಯನ್ನೂ ಅವು ಮಾಡುವ ಕೆಲಸವನ್ನೂ ನೋಡಿ ಮೂರು ವರ್ಗಗಳಾಗಿ ವಿಂಗಡಿಸಿಕೊಂಡರೆ ನಿರ್ಣಯವು ಸುಲಭವಾಗುತ್ತದೆ.

೧೧ನೆಯ ಆವೃತ್ತಿಗೆ ಕನಿಷ್ಠ ೪ ಗಿಗಾಬೈಟ್ ಸ್ಮರಣಶಕ್ತಿ, ೬೪ ಗಿಗಾಬೈಟ್ ಸಂಗ್ರಹಸ್ಥಳ, ಟಿ.ಪಿ.ಎಂ. ೨.೦ ಎಂಬ ರಕ್ಷಣಾಭಾಗ, ಹಾಗೂ ಕಂಪೆನಿಯ ಪಟ್ಟಿಯಲ್ಲಿರುವ ೬೪ ಬಿಟ್ಟಿನ ಸಂಸ್ಕಾರಕ ಇರಬೇಕೆಂಬ ನಿಯಮವಿದೆ. ಇಂಟೆಲ್ ಸಂಸ್ಕಾರಕಗಳಲ್ಲಿ ಸಾಮಾನ್ಯವಾಗಿ ೮ನೆಯ ಪೀಳಿಗೆಯೂ ಅನಂತರದವೂ ಈ ಪಟ್ಟಿಯಲ್ಲಿವೆ. ಸ್ಥೂಲವಾಗಿ ಹೇಳುವುದಾದರೆ ೨೦೧೮ರ ಬಳಿಕ ಕೊಂಡ ಯಂತ್ರಗಳಲ್ಲಿ ಅನೇಕವು ಯೋಗ್ಯ. ಅದಕ್ಕೆ ಮುಂಚಿನವು ಸಾಮಾನ್ಯವಾಗಿ ಅಯೋಗ್ಯ. ಸ್ಮರಣಶಕ್ತಿಯು ೪ ಗಿಗಾಬೈಟ್ ಮಾತ್ರವೇ ಇದ್ದರೆ ನಿಯಮಕ್ಕೆ ಸಾಕಾದರೂ ಕೆಲಸವು ನಿಧಾನವಾಗುತ್ತದೆ. ೮ ಇದ್ದರೆ ಮೇಲು. ಮುಂಬಯಿ, ದುಬಾಯಿಗಳಲ್ಲಿರುವ ಮಕ್ಕಳು ತಾವು ಬಳಸಿ ಬಿಟ್ಟ ಯಂತ್ರಗಳನ್ನು ಊರಿಗೆ ಕಳುಹಿಸುವ ವಾಡಿಕೆಯು ಈ ಕಡೆ ಇರುವುದರಿಂದ, ಕೊಂಡ ವರ್ಷವನ್ನು ಊಹಿಸದೆ ಕಂಪೆನಿಯ ‘ಪಿಸಿ ಹೆಲ್ತ್ ಚೆಕ್’ ಎಂಬ ಉಚಿತ ಕಾರ್ಯಕ್ರಮದಿಂದ ಪರೀಕ್ಷಿಸಿ ನೋಡುವುದು ಉತ್ತಮ.

ಮೊದಲನೆಯ ವರ್ಗ: ಯೋಗ್ಯವಾದ ಯಂತ್ರ, ಅದರಲ್ಲಿ ನಡೆಯುವ ಕೆಲಸವು ಪತ್ರ ಬರೆಯುವುದು, ಪಹಣಿ ನೋಡುವುದು, ಬೇಂಕಿನ ವ್ಯವಹಾರ, ಮಕ್ಕಳೊಡನೆ ಮಾತು, ಇಷ್ಟೇ. ಇಂಥ ಯಂತ್ರಕ್ಕೆ ಹೊಸ ಆವೃತ್ತಿಯನ್ನು ಅಂಗೀಕರಿಸುವುದೇ ಸರಿ. ೧೦ನೆಯ ಆವೃತ್ತಿಯ ಪರವಾನಗಿಯುಳ್ಳ ಯಂತ್ರಕ್ಕೆ ಇದಕ್ಕಾಗಿ ಹಣ ಕೊಡಬೇಕಾಗಿಲ್ಲ.

ಎರಡನೆಯ ವರ್ಗ: ಯೋಗ್ಯವಾದ ಯಂತ್ರವೇ, ಆದರೆ ಅದಕ್ಕೆ ಸಂಘದ ರಸೀದಿ ಮುದ್ರಿಸುವ ಡಾಟ್ ಮೇಟ್ರಿಕ್ಸ್ ಯಂತ್ರ, ಬೆರಳಚ್ಚು ಹಿಡಿಯುವ ಉಪಕರಣ, ಅಧಿಕಾರಿಯ ಡಿಜಿಟಲ್ ಸಹಿಯ ಕೀಲಿ, ಹಳೆಯ ಲೆಕ್ಕದ ಕಾರ್ಯಕ್ರಮ ಮುಂತಾದುವು ಜೋಡಣೆಯಾಗಿವೆ. ಇಲ್ಲಿ ಯಂತ್ರವು ಯೋಗ್ಯವಾಗಿದ್ದರೂ ಜೋಡಣೆಗಳು ಯೋಗ್ಯವಾಗಿರಲಿಕ್ಕಿಲ್ಲ. ಮುಖ್ಯವಾಗಿ, ೧೧ನೆಯ ಆವೃತ್ತಿಯು ೬೪ ಬಿಟ್ಟಿನಲ್ಲಿ ಮಾತ್ರ ಇದೆ; ೩೨ ಬಿಟ್ಟಿನ ವಿಂಡೋಸಿನಲ್ಲಿ ನಡೆಯುತ್ತಿದ್ದ ಡಾಸ್ ಕಾಲದ ಲೆಕ್ಕದ ಕಾರ್ಯಕ್ರಮಗಳು ಇದರಲ್ಲಿ ನೇರವಾಗಿ ನಡೆಯಲಾರವು. ಇಪ್ಪತ್ತು ವರ್ಷಗಳ ಸದಸ್ಯರ ಖಾತೆಯು ಅಂಥ ಕಾರ್ಯಕ್ರಮದಲ್ಲಿದ್ದರೆ, ಬದಲಾವಣೆಯಾದ ಮರುದಿನ ಅದನ್ನು ತೆರೆಯಲಾಗದೆ ಕುಳಿತುಕೊಳ್ಳುವ ಪರಿಸ್ಥಿತಿಯೊದಗೀತು. ಆದುದರಿಂದ ಉಪಕರಣಗಳನ್ನೂ ಕಾರ್ಯಕ್ರಮವನ್ನೂ ಒದಗಿಸಿದವರಿಂದ ೧೧ನೆಯ ಆವೃತ್ತಿಯಲ್ಲಿ ಅವು ನಡೆಯುತ್ತವೆಂಬುದಾಗಿ ಬರಹದಲ್ಲಿ ಉತ್ತರ ಪಡೆದ ಮೇಲೆ, ಒಂದಕ್ಕಿಂತ ಹೆಚ್ಚು ಯಂತ್ರಗಳಿದ್ದರೆ ಅತಿ ಕಡಿಮೆ ಕೆಲಸದ ಒಂದನ್ನು ಮೊದಲು ಬದಲಾಯಿಸಿ ನೋಡಿ, ಉಳಿದುವಕ್ಕೆ ಕೈಹಾಕತಕ್ಕದ್ದು.

ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘಗಳ ವಿಷಯದಲ್ಲಿ ಇನ್ನೊಂದು ಮಾತುಂಟು. ೨೦೨೨ನೆಯ ಇಸವಿ ಜೂನ್ ೨೯ರಂದು ಕೇಂದ್ರ ಮಂತ್ರಿಮಂಡಲವು ೨,೫೧೬ ಕೋಟಿ ರೂಪಾಯಿಗಳ ವೆಚ್ಚದಲ್ಲಿ ೬೩,೦೦೦ ಸಂಘಗಳನ್ನು ಒಂದೇ ಸಾಮಾನ್ಯ ಲೆಕ್ಕದ ಕಾರ್ಯಕ್ರಮದಡಿಯಲ್ಲಿ ಗಣಕೀಕರಿಸುವ ಯೋಜನೆಯನ್ನು ಮಂಜೂರು ಮಾಡಿತು. ಈ ಯೋಜನೆಗೆ ಸೇರಿದ ಸಂಘವು ತನ್ನ ಹಳೆಯ ಲೆಕ್ಕವು ಪೂರ್ಣವಾಗಿ ಹೊಸ ಕಾರ್ಯಕ್ರಮಕ್ಕೆ ಸೇರಿ ತಾಳೆಯಾಗುವ ತನಕ ಹಳೆಯ ಯಂತ್ರವನ್ನು ಮುಟ್ಟದಿರುವುದು ಕ್ಷೇಮ.

ಮೂರನೆಯ ವರ್ಗ: ಅಯೋಗ್ಯವಾದ ಹಳೆಯ ಯಂತ್ರ. ನಿಯಮಗಳ ಕಣ್ಣು ತಪ್ಪಿಸಿ ಇದರಲ್ಲಿಯೂ ೧೧ನೆಯ ಆವೃತ್ತಿಯನ್ನು ಕೂಡಿಸುವ ಉಪಾಯಗಳು ಪ್ರಚಾರದಲ್ಲಿವೆ. ಅಂಥ ಯಂತ್ರಕ್ಕೆ ಮುಂದಿನ ದುರಸ್ತಿಗಳು ಬಂದೇ ಬರುವುವೆಂಬ ಭರವಸೆಯನ್ನು ಕಂಪೆನಿಯು ಕೊಡುವುದಿಲ್ಲ. ಊರಿನ ಲೆಕ್ಕವಿರುವ ಯಂತ್ರದಲ್ಲಿ ಇದನ್ನು ಮಾಡಲೇಬಾರದು. ಇದಕ್ಕಿರುವ ಬೇರೆ ದಾರಿಗಳನ್ನು ಮುಂದೆ ಹೇಳಿದೆ.

ಕನ್ನಡ ಅಕ್ಷರಗಳ ವಿಚಾರ

ಪಂಚಾಯತುಗಳಲ್ಲಿಯೂ ಸಂಘಗಳಲ್ಲಿಯೂ ಇಪ್ಪತ್ತು ವರ್ಷಗಳಿಂದ ಸಂಗ್ರಹವಾದ ಕನ್ನಡ ಕಡತಗಳು ಹೆಚ್ಚಾಗಿ ನುಡಿ ಅಥವಾ ಬರಹ ಎಂಬ ಕಾರ್ಯಕ್ರಮಗಳಲ್ಲಿ ಬರೆದವು. ನುಡಿಯ ಕೀಲಿಮಣೆಯ ವಿನ್ಯಾಸಕ್ಕೆ ಮೂಲವಾದುದು ನಮ್ಮ ಕರಾವಳಿಯವರೇ ಆದ ಕಿನ್ನಿಕಂಬಳ ಪದ್ಮನಾಭ ರಾಯರ ರಚನೆ. ಈ ಕಾರ್ಯಕ್ರಮಗಳ ಹಳೆಯ ಪದ್ಧತಿಯ ಕಡತಗಳಲ್ಲಿ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳಲ್ಲಿಯೇ ಅಡಗಿರುತ್ತವೆ. ಅವುಗಳ ಅಚ್ಚಿನ ಮೊಳೆಗಳು, ಎಂದರೆ ಫಾಂಟುಗಳು, ಯಂತ್ರದಲ್ಲಿದ್ದರೆ ಮಾತ್ರ ಕನ್ನಡವಾಗಿ ಕಾಣುತ್ತವೆ. ಇಲ್ಲದಿದ್ದರೆ ನಿರ್ಣಯಪುಸ್ತಕದ ನಡವಳಿಯೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣಿಸುತ್ತದೆ. ಕಡತವು ಹಾಳಾಯಿತೆಂದು ಗಾಬರಿಗೊಂಡು ಅಳಿಸಿಬಿಟ್ಟವರೂ ಉಂಟು.

ಇದ್ದ ಯಂತ್ರದಲ್ಲಿಯೇ ಆವೃತ್ತಿಯನ್ನು ಬದಲಾಯಿಸಿದರೆ ಫಾಂಟುಗಳು ಸಾಮಾನ್ಯವಾಗಿ ಉಳಿಯುತ್ತವೆ. ಆದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸಿದರೆ, ಅಥವಾ ಹೊಸ ಯಂತ್ರವನ್ನು ಕೊಂಡರೆ, ಅವು ಬರುವುದಿಲ್ಲ. ಆದುದರಿಂದ ಫಾಂಟುಗಳನ್ನೂ ಕಾರ್ಯಕ್ರಮದ ಮೂಲಪ್ರತಿಯನ್ನೂ ಪೆನ್ ಡ್ರೈವಿನಲ್ಲಿ ತೆಗೆದಿರಿಸತಕ್ಕದ್ದು. ಇನ್ನು ಮುಂದಿನ ಬರವಣಿಗೆಯನ್ನು ಯೂನಿಕೋಡ್ ಪದ್ಧತಿಯಲ್ಲಿ ನಡೆಯಿಸಿದರೆ ಈ ತೊಡಕೇ ಇರುವುದಿಲ್ಲ. ವಿಂಡೋಸಿನಲ್ಲಿ ಯೂನಿಕೋಡ್ ಕನ್ನಡವು ೨೦೦೧ರ ಎಕ್ಸ್.ಪಿ. ಆವೃತ್ತಿಯ ಕಾಲದಿಂದಲೇ ಇದೆ; ನುಡಿಯ ಈಚಿನ ಆವೃತ್ತಿಗಳಲ್ಲಿಯೂ ಇದೆ.

ಮೊದಲು ಪ್ರತಿ, ಆಮೇಲೆ ಬದಲಾವಣೆ

ಯಾವ ವರ್ಗದ ಯಂತ್ರವೇ ಆಗಲಿ, ಬದಲಾವಣೆಗೆ ಮುಂಚೆ ಈ ಕೆಳಗಿನ ಸಿದ್ಧತೆಗಳು ಅವಶ್ಯ.

(೧) ಎಲ್ಲ ಕಡತಗಳನ್ನೂ ಹೊರಗಿನ ಎರಡು ಡಿಸ್ಕುಗಳಿಗೆ ಪ್ರತಿ ಮಾಡಿ, ಒಂದನ್ನು ಕಚೇರಿಯಲ್ಲಿಯೂ ಇನ್ನೊಂದನ್ನು ಬೇರೆ ಕಟ್ಟಡದಲ್ಲಿಯೂ ಇರಿಸತಕ್ಕದ್ದು. ಲೆಕ್ಕದ ಕಾರ್ಯಕ್ರಮದ ಪ್ರತಿಯನ್ನು ಆ ಕಾರ್ಯಕ್ರಮದೊಳಗಿನ ಬ್ಯಾಕಪ್ ಕ್ರಮದಿಂದಲೇ ತೆಗೆಯಬೇಕು.

(೨) ಪ್ರತಿಯನ್ನು ಮತ್ತೊಂದು ಯಂತ್ರದಲ್ಲಿ ತೆರೆದು ನೋಡಬೇಕು. ಮೊಳಕೆಯ ಪರೀಕ್ಷೆ ಮಾಡದ ಬೀಜವನ್ನು ನಂಬಿದಂತೆ, ತೆರೆದು ನೋಡದ ಪ್ರತಿಯನ್ನು ನಂಬುವುದು ಕೂಡದು.

(೩) ಸದಸ್ಯರ ಬಾಕಿಯ ತಖ್ತೆಯನ್ನು ಆ ದಿನದ ತಾರೀಖು ಸಹಿತ ಕಾಗದದಲ್ಲಿ ಮುದ್ರಿಸಿ ಕಾರ್ಯದರ್ಶಿಯ ರುಜುವಿನೊಡನೆ ಇರಿಸತಕ್ಕದ್ದು.

(೪) ಯಂತ್ರದ ಡಿಸ್ಕಿಗೆ ಗೂಢಲಿಪಿಯ ಬೀಗವಿದ್ದರೆ ಅದನ್ನು ತೆರೆಯುವ ೪೮ ಅಂಕಿಗಳ ಸಂಖ್ಯೆಯನ್ನು ಬರೆದು ತಿಜೋರಿಯಲ್ಲಿ ಇರಿಸಬೇಕು. ಈಚಿನ ಹೊಸ ಯಂತ್ರಗಳಲ್ಲಿ ಈ ಬೀಗವು ತಾನಾಗಿಯೇ ಬೀಳುವುದುಂಟು. ಅದರ ಸಂಖ್ಯೆಯು ಯಂತ್ರವನ್ನು ಮೊದಲು ತೆರೆದವನ ಖಾತೆಯಲ್ಲಿ ದಾಖಲಾಗುತ್ತದೆ. ಆದುದರಿಂದ ಸಂಘದ ಯಂತ್ರವನ್ನು ಗುಮಾಸ್ತನ ಸ್ವಂತ ಖಾತೆಯಿಂದ ತೆರೆಯದೆ ಸಂಘದ ಹೆಸರಿನ ಖಾತೆಯಿಂದಲೇ ತೆರೆಯತಕ್ಕದ್ದು. ಇಲ್ಲವಾದರೆ ಗುಮಾಸ್ತನು ಕೆಲಸ ಬಿಟ್ಟು ಹೋದಾಗ ಊರಿನ ಲೆಕ್ಕದ ಬೀಗದ ಕೈಯೂ ಅವನೊಡನೆ ಹೋಗುತ್ತದೆ.

(೫) ಕಾಲವನ್ನು ನೋಡಿ ಆರಂಭಿಸತಕ್ಕದ್ದು. ಈ ಕೆಲಸಕ್ಕೆ ಒಂದು ಗಂಟೆಯಿಂದ ಹಲವು ಗಂಟೆಗಳವರೆಗೆ ಹಿಡಿಯುತ್ತದೆ. ನಡುವೆ ವಿದ್ಯುತ್ತು ನಿಂತರೆ ಯಂತ್ರವು ಏಳದೆಯೇ ಹೋಗಬಹುದು. ವರ್ಷಕ್ಕೆ ಸುಮಾರು ೪,೦೦೦ ಮಿಲಿಮೀಟರು ಮಳೆ ಬೀಳುವ ಈ ಸೀಮೆಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗಿನ ಗಾಳಿಮಳೆಯ ದಿನಗಳೂ, ಅದರ ಹಿಂದು ಮುಂದಿನ ಸಿಡಿಲಿನ ದಿನಗಳೂ ಇದಕ್ಕೆ ಹೇಳಿದವಲ್ಲ. ವರ್ಷಾಂತ್ಯದ ಲೆಕ್ಕ ಮುಗಿಸುವ ಮಾರ್ಚ್ ತಿಂಗಳೂ, ಲೆಕ್ಕತಪಾಸಣೆಯ ಕಾಲವೂ ಕೂಡದು. ಡಿಸೆಂಬರಿನಿಂದ ಫೆಬ್ರವರಿಯವರೆಗಿನ ಅವಧಿಯು ಪ್ರಶಸ್ತ. ಯು.ಪಿ.ಎಸ್. ಇಲ್ಲದೆ ಆರಂಭಿಸಬಾರದು.

(೬) ಬದಲಾವಣೆಯ ಕಡತವು ಹಲವು ಗಿಗಾಬೈಟುಗಳಷ್ಟು ದೊಡ್ಡದು. ಮೊಬೈಲಿನ ಮೂಲಕ ಅಂತರ್ಜಾಲವನ್ನು ಉಪಯೋಗಿಸುವವರು ಸಂಪರ್ಕವನ್ನು ‘ಮೀಟರ್ಡ್’ ಎಂದು ಗುರುತಿಸಿಟ್ಟರೆ, ಸಾಮಾನ್ಯವಾಗಿ ದೊಡ್ಡ ಕಡತಗಳು ತಾವಾಗಿ ಇಳಿದುಬರುವುದು ನಿಲ್ಲುತ್ತದೆ.

ಬದಲಾವಣೆಯ ಬಳಿಕ ಹತ್ತು ದಿನಗಳು

ಹೊಸ ಆವೃತ್ತಿಯು ಒಪ್ಪದಿದ್ದರೆ ಹಳೆಯದಕ್ಕೆ ಮರಳುವ ಅವಕಾಶವು ಸಾಮಾನ್ಯವಾಗಿ ಹತ್ತು ದಿನಗಳವರೆಗೆ ಮಾತ್ರ ಇರುತ್ತದೆ. ಅನಂತರ ಹಳೆಯ ವ್ಯವಸ್ಥೆಯ ಕಡತಗಳನ್ನು ಯಂತ್ರವೇ ತೆಗೆದುಹಾಕುತ್ತದೆ. ಆದುದರಿಂದ ಈ ಹತ್ತು ದಿನಗಳನ್ನು ಪರೀಕ್ಷೆಯ ಅವಧಿಯೆಂದು ತಿಳಿದು, ರಸೀದಿಯೊಂದನ್ನು ಮುದ್ರಿಸಿ, ಹಳೆಯ ನುಡಿ ಕಡತವೊಂದನ್ನು ತೆರೆದು, ಹಿಂದಿನ ವರ್ಷದ ಖಾತೆಯನ್ನು ನೋಡಿ, ಡಿಜಿಟಲ್ ಸಹಿಯನ್ನು ಹಾಕಿ, ಬೇಂಕಿನ ಜಾಲತಾಣಕ್ಕೆ ಹೋಗಿ, ಎಲ್ಲವೂ ಸರಿಯಿದೆಯೆಂದು ಒಂದೊಂದಾಗಿ ಗುರುತು ಹಾಕಿಕೊಳ್ಳತಕ್ಕದ್ದು. ತಿಂಗಳಿಗೊಮ್ಮೆ ಮಾತ್ರ ಉಪಯೋಗಿಸುವ ಉಪಕರಣವನ್ನೂ ಈ ಅವಧಿಯಲ್ಲಿಯೇ ಪರೀಕ್ಷಿಸಬೇಕು. ಹನ್ನೊಂದನೆಯ ದಿನ ತೊಂದರೆಯು ತಿಳಿದುಬಂದರೆ ಹಿಂದಕ್ಕೆ ದಾರಿಯಿಲ್ಲ.

೧೧ನೆಯ ಆವೃತ್ತಿಗೆ ಬಂದ ಮೇಲೆಯೂ ವಿಚಾರವು ಮುಗಿಯುವುದಿಲ್ಲ. ಅದರ ಪ್ರತಿಯೊಂದು ವಾರ್ಷಿಕ ಪರಿಷ್ಕರಣಕ್ಕೆ ಮನೆಯ ಯಂತ್ರಗಳಲ್ಲಿ ೨೪ ತಿಂಗಳ ಪೋಷಣೆ ಮಾತ್ರ ಗೊತ್ತುಪಡಿಸಿದೆ. ಆ ಅವಧಿಯು ಮುಗಿಯುತ್ತ ಬಂದಾಗ ಮುಂದಿನ ಪರಿಷ್ಕರಣವು ತಾನಾಗಿಯೇ ಸ್ಥಾಪನೆಯಾಗುವುದುಂಟು. ಅಷ್ಟು ಹೊತ್ತಿನ ತನಕ ಕಾಯದೆ, ಅನುಕೂಲವಾದ ದಿನವನ್ನು ತಾನೇ ಆರಿಸಿಕೊಳ್ಳುವುದು ಮೇಲು.

ಅಯೋಗ್ಯವಾದ ಯಂತ್ರಕ್ಕಿರುವ ದಾರಿಗಳು

ಮೊದಲನೆಯದು, ಕಾಲಾವಕಾಶವನ್ನು ಪಡೆಯುವುದು. ೨೦೨೫ರಲ್ಲಿ ಪೋಷಣೆಯು ಮುಗಿಯುವ ಮುಂಚೆ ಕಂಪೆನಿಯು ಪ್ರಕಟಿಸಿದ ಏರ್ಪಾಟಿನಂತೆ, ೧೦ನೆಯ ಆವೃತ್ತಿಯ ಮನೆಯ ಯಂತ್ರಗಳಿಗೆ ರ‍ಕ್ಷಣೆಯ ದುರಸ್ತಿಗಳನ್ನು ೨೦೨೬ನೆಯ ಇಸವಿ ಅಕ್ಟೋಬರ್ ೧೩ರವರೆಗೆ ಪಡೆಯಲು ಹೆಸರು ನೋಂದಾಯಿಸಿಕೊಳ್ಳುವ ಅವಕಾಶವನ್ನಿರಿಸಲಾಯಿತು. ಯಂತ್ರದ ವಿನ್ಯಾಸಗಳನ್ನು ಕಂಪೆನಿಯ ಖಾತೆಯೊಡನೆ ಜೋಡಿಸಿದವರಿಗೆ ಇದು ಉಚಿತ. ಇಲ್ಲವಾದರೆ ೩೦ ಡಾಲರುಗಳ ಶುಲ್ಕ. ಸಂಸ್ಥೆಗಳಿಗೆ ಮೊದಲ ವರ್ಷ ಯಂತ್ರವೊಂದಕ್ಕೆ ೬೧ ಡಾಲರೆಂದೂ, ಪ್ರತಿ ವರ್ಷ ಅದರ ಇಮ್ಮಡಿಯೆಂದೂ, ಹೆಚ್ಚೆಂದರೆ ಮೂರು ವರ್ಷಗಳೆಂದೂ ಗೊತ್ತುಪಡಿಸಲಾಯಿತು. ಇದು ಸಾಲದ ವಾಯಿದೆಯಿದ್ದಂತೆ; ಈ ಅವಧಿಯಲ್ಲಿ ಮುಂದಿನ ವ್ಯವಸ್ಥೆಯನ್ನು ಮಾಡಿಕೊಳ್ಳಬೇಕೇ ಹೊರತು ಸುಮ್ಮನಿರಬಾರದು.

ಎರಡನೆಯದು, ಲಿನಕ್ಸ್ ಎಂಬ ಉಚಿತ ವ್ಯವಸ್ಥೆಯನ್ನು ಹಾಕಿಸುವುದು. ಹಳೆಯ ಯಂತ್ರಗಳಲ್ಲಿಯೂ ಇದು ಚೆನ್ನಾಗಿ ನಡೆಯುತ್ತದೆ. ನೆರೆಯ ಕೇರಳದ ಶಾಲೆಗಳಲ್ಲಿ ಇದನ್ನೇ ಆಧರಿಸಿದ ವ್ಯವಸ್ಥೆಯು ಬಹಳ ವರ್ಷಗಳಿಂದ ಬಳಕೆಯಲ್ಲಿದೆ. ೨೦೧೯ರಲ್ಲಿ ಅಲ್ಲಿಯ ಎರಡು ಲಕ್ಷಕ್ಕೂ ಮಿಕ್ಕಿದ ಶಾಲಾಯಂತ್ರಗಳಿಗಾಗಿ ಹೊಸ ಪರಿಷ್ಕರಣವನ್ನು ಸಿದ್ಧಪಡಿಸಲಾಯಿತು. ಪತ್ರ, ಅಂತರ್ಜಾಲ, ಯೂನಿಕೋಡ್ ಕನ್ನಡ ಇವಕ್ಕೆ ಇದು ಧಾರಾಳವಾಗಿ ಸಾಕು. ಆದರೆ ವಿಂಡೋಸಿಗಾಗಿಯೇ ಮಾಡಿದ ಲೆಕ್ಕದ ಕಾರ್ಯಕ್ರಮಗಳೂ ಕೆಲವು ಉಪಕರಣಗಳೂ ಇದರಲ್ಲಿ ನಡೆಯದಿರಬಹುದು. ಮನೆಯ ಯಂತ್ರಕ್ಕೆ ಇದು ಒಳ್ಳೆಯ ದಾರಿ. ಕಚೇರಿಯ ಯಂತ್ರಕ್ಕೆ ವಿಚಾರಿಸಿಯೇ ಮಾಡತಕ್ಕದ್ದು.

ಮೂರನೆಯದು, ಯಂತ್ರವನ್ನು ಅಂತರ್ಜಾಲದಿಂದ ಪೂರ್ಣವಾಗಿ ಬಿಡಿಸಿ, ಹಳೆಯ ಲೆಕ್ಕಗಳನ್ನು ನೋಡುವುದಕ್ಕೆ ಮಾತ್ರ ಇರಿಸಿಕೊಳ್ಳುವುದು. ಡಾಸ್ ಕಾಲದ ಖಾತೆಗಳಿರುವ ಸಂಘಗಳಿಗೆ ಇದು ಯೋಗ್ಯವಾದ ಉಪಾಯ. ಆದರೆ ಬೇರೆಡೆಯಿಂದ ತಂದ ಪೆನ್ ಡ್ರೈವನ್ನು ಅದಕ್ಕೆ ಸೇರಿಸಬಾರದು.

ಈ ಮೂರೂ ಹೊಂದದಿದ್ದಲ್ಲಿ ಹೊಸ ಯಂತ್ರವನ್ನು ಕೊಳ್ಳುವುದೇ ಉಳಿದ ದಾರಿ. ಆಗಲೂ ಹಳೆಯದನ್ನು ಗುಜರಿಗೆ ಕೊಡುವ ಮುಂಚೆ ಅದರ ಡಿಸ್ಕನ್ನು ತೆಗೆದಿರಿಸಿಕೊಳ್ಳತಕ್ಕದ್ದು. ಅದರಲ್ಲಿ ಸದಸ್ಯರ ಬೇಂಕಿನ ಸಂಖ್ಯೆಗಳೂ ಗುರುತಿನ ಚೀಟಿಗಳ ಪ್ರತಿಗಳೂ ಇರುತ್ತವೆ.

ವಂಚಕರ ವಿಷಯದಲ್ಲಿ ಎಚ್ಚರಿಕೆ

“ನಿಮ್ಮ ವಿಂಡೋಸಿನ ಅವಧಿ ಮುಗಿದಿದೆ, ಸರಿಪಡಿಸಿಕೊಡುತ್ತೇವೆ” ಎಂದು ದೂರವಾಣಿಯಲ್ಲಿ ಕರೆದು ಯಂತ್ರದ ಹಿಡಿತವನ್ನು ಕೇಳುವವರುಂಟು. ಕಂಪೆನಿಯು ತಾನಾಗಿ ಯಾರಿಗೂ ಹೀಗೆ ಕರೆ ಮಾಡುವುದಿಲ್ಲ. ಅಂಥವರಿಗೆ ಒ.ಟಿ.ಪಿ. ಆಗಲಿ ಬೇಂಕಿನ ವಿವರವಾಗಲಿ ಕೊಡಕೂಡದು. ಅವರು ಹೇಳಿದ ಕಾರ್ಯಕ್ರಮವನ್ನು ಸ್ಥಾಪಿಸಲೂ ಕೂಡದು. ಹಣ ಕಳೆದುಕೊಂಡವರು ತಡಮಾಡದೆ ೧೯೩೦ ಎಂಬ ಸಂಖ್ಯೆಗೆ ಕರೆದು ದೂರು ಕೊಡತಕ್ಕದ್ದು. ನಿಜವಾದ ಬದಲಾವಣೆಯು ಯಂತ್ರದ ಸೆಟ್ಟಿಂಗ್ಸಿನೊಳಗಿನ ‘ವಿಂಡೋಸ್ ಅಪ್‌ಡೇಟ್’ ಎಂಬಲ್ಲಿಯೇ ಕಾಣಿಸುತ್ತದೆ.

ಮುಖಂಡರ ಕರ್ತವ್ಯ

ಸ್ವಂತ ಯಂತ್ರದ ನಷ್ಟವು ಒಂದು ಮನೆಯದು; ಸಂಘದ ಯಂತ್ರದ ನಷ್ಟವು ಊರಿನದು. ಸಾಲ ತೀರಿಸಿದ ರೈತನ ಹೆಸರಿನಲ್ಲಿ ಬಾಕಿ ಉಳಿದಂತೆ ಕಾಣಿಸಿದರೆ, ಹಾಲು ಹಾಕಿದವಳ ಹದಿನೈದು ದಿನಗಳ ಲೆಕ್ಕವು ಕಾಣದೆ ಹೋದರೆ, ಅದರ ಕಷ್ಟವು ಯಂತ್ರವನ್ನು ಮುಟ್ಟದವರ ಮೇಲೆಯೇ ಬೀಳುತ್ತದೆ. ಆದುದರಿಂದ ಪ್ರತಿಯೊಂದು ಸಂಘದಲ್ಲಿಯೂ ಪಂಚಾಯತಿನಲ್ಲಿಯೂ ಯಂತ್ರಗಳ ಒಂದು ಪುಸ್ತಕವನ್ನಿರಿಸಿ, ಯಾವ ಯಂತ್ರ, ಯಾವ ಆವೃತ್ತಿ, ಅದರಲ್ಲಿರುವ ಲೆಕ್ಕ ಯಾವುದು, ಜೋಡಣೆಗಳೇನು, ಕೊನೆಯ ಪ್ರತಿಯನ್ನು ತೆಗೆದ ದಿನ, ತೆರೆದು ನೋಡಿದವರ ರುಜು, ಇವನ್ನು ಬರೆಯಿಸತಕ್ಕದ್ದು. ಈ ಪುಸ್ತಕವನ್ನು ತಿಂಗಳ ಸಭೆಯಲ್ಲಿ ಒಮ್ಮೆ ನೋಡಿದರೆ ಸಾಕು. ಆವೃತ್ತಿಯ ಬದಲಾವಣೆಯನ್ನು ಗುಮಾಸ್ತನೊಬ್ಬನ ಬೆರಳಿಗೆ ಬಿಡದೆ, ದಿನವನ್ನು ಗೊತ್ತುಮಾಡಿ ನಿರ್ಣಯ ಬರೆದು ಮಾಡಿಸಬೇಕು.

ಸಂಗ್ರಹವಾಗಿ ಹೇಳುವುದಾದರೆ, ತಿಂಗಳ ದುರಸ್ತಿಯನ್ನು ತಡೆಯದೆ ಸ್ವೀಕರಿಸತಕ್ಕದ್ದು. ಆವೃತ್ತಿಯ ಬದಲಾವಣೆಯನ್ನು ಯಂತ್ರವನ್ನೂ ಕೆಲಸವನ್ನೂ ಕಾಲವನ್ನೂ ನೋಡಿ ಅಂಗೀಕರಿಸತಕ್ಕದ್ದು. ತೆರೆದು ನೋಡಿದ ಪ್ರತಿಯು ಕೈಯಲ್ಲಿಲ್ಲದೆ ಯಾವುದನ್ನೂ ಆರಂಭಿಸತಕ್ಕದ್ದಲ್ಲ. ಬೀಜದ ಮುಡಿಯು ಅಟ್ಟದಲ್ಲಿರುವವನು ಹೊಸ ತಳಿಗೆ ಅಂಜಬೇಕಾಗಿಲ್ಲ.